ಲವಂಗದ ದ್ವೀಪಕ್ಕೆ ಹೊರಡುವ ಮುನ್ನ

ನನ್ನ ಬಳಿ ಭೂಗೋಳ ಓದಿದವರಿಗೆ ಒಂದು ಪ್ರಶ್ನೆ ಮರೆತಿರಲಾರದು. “ಲವಂಗದ ದ್ವೀಪವೆಂದು ಯಾವುದಕ್ಕೆ ಹೆಸರು?” ಒಂದು ಅಂಕದ ಪ್ರಶ್ನೆ, ಉತ್ತರ ‘ಜಾಂಜಿಬಾರ್’. 34 ವರ್ಷಗಳ ಸೇವಾವಧಿಯಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆ ಹೆಸರಿನಲ್ಲಿರುವ ನಾದದಿಂದಲೋ ಏನೋ, ಬೇರೇನನ್ನೂ ಓದದೆ ಬಂದ ವಿದ್ಯಾರ್ಥಿಯೂ ಇದೊಂದನ್ನು ಸರಿಯಾಗಿ ಬರೆಯುತ್ತಿದ್ದ. ಗೋಡೆಗೆ ತೂಗುಹಾಕಿದ ಆಫ್ರಿಕಾದ ನಕಾಶೆಯ ಪೂರ್ವದಂಚಿನಲ್ಲಿ ಬೆತ್ತದ ತುದಿಯನ್ನಿಟ್ಟು ತೋರಿಸುತ್ತಿದ್ದೆ. ಬೆತ್ತದ ತುದಿಗಿಂತ ದ್ವೀಪವೇ ಚಿಕ್ಕದಾಗಿದ್ದುದರಿಂದ, ನಾನು ತೋರಿಸಿದಾಗಲೆಲ್ಲ ಅದು ಮರೆಯಾಗಿಬಿಡುತ್ತಿತ್ತು.

ಈಗ, 72ನೆಯ ವಯಸ್ಸಿನಲ್ಲಿ, ಆ ದ್ವೀಪಕ್ಕೆ ಹೋಗುವ ಯೋಗ ಕೂಡಿಬರುವಂತೆ ಕಾಣುತ್ತದೆ. ನಮ್ಮ ವಿವಾಹವಾಗಿ 45 ವರ್ಷಗಳಾದ ಸಂದರ್ಭದಲ್ಲಿ ಪುಣೆಯಲ್ಲಿರುವ ಮಗಳು, “ಅಪ್ಪಾ, ಅಮ್ಮ ಒಮ್ಮೆಯೂ ಸಮುದ್ರ ದಾಟಿಲ್ಲ. ಖರ್ಚು ನಮಗಿರಲಿ, ಎಲ್ಲಿಗೆ ಹೋಗುತ್ತೀರೆಂದು ಮಾತ್ರ ಹೇಳಿ” ಎಂದಳು. ಅವಳ ಮನಸ್ಸಿನಲ್ಲಿ ಸಿಂಗಪುರವೋ ದುಬೈಯೋ ಇದ್ದಿರಬೇಕು. ನಾನು ಯೋಚಿಸದೆಯೇ “ಜಾಂಜಿಬಾರ್” ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ನನ್ನಾಕೆ ಅಡುಗೆಮನೆಯಿಂದಲೇ, “ಅಲ್ಲಿ ಏನಿದೆಯಂತೆ?” ಎಂದು ಕೇಳಿದಳು. ಲವಂಗವಿದೆ ಎಂದೆ. “ಲವಂಗ ನಮ್ಮ ಡಬ್ಬಿಯಲ್ಲೂ ಇದೆಯಲ್ಲ” ಎಂಬುದು ಅವಳ ಉತ್ತರ. ಶಿರಸಿಯ ತೋಟಗಳಲ್ಲಿ ಅಲ್ಲೊಂದು ಇಲ್ಲೊಂದು ಲವಂಗದ ಮರವಿರುವುದನ್ನು ಬಲ್ಲ ನನಗೆ ಅದಕ್ಕೆ ಪ್ರತಿಯಾಗಿ ಹೇಳಲು ಏನೂ ಇರಲಿಲ್ಲ.

ಅಂದಿನಿಂದ ಮೂರು ತಿಂಗಳುಗಳಿಂದ ಸಿದ್ಧತೆ ನಡೆದಿದೆ. ಊಟದ ಮೇಜಿನ ಅರ್ಧ ಭಾಗ ನನ್ನ ನಕಾಶೆ, ಟಿಪ್ಪಣಿಗಳಿಗೆ ಮೀಸಲಾಗಿದೆ.

ಮೊದಲ ಚರ್ಚೆ ಯಾವ ತಿಂಗಳಲ್ಲಿ ಹೋಗಬೇಕೆಂಬುದು. ಸಮಭಾಜಕ ವೃತ್ತದಿಂದ ದಕ್ಷಿಣಕ್ಕೆ ಸುಮಾರು 6 ಡಿಗ್ರಿಯಲ್ಲಿರುವ ಆ ದ್ವೀಪದಲ್ಲಿ ಚಳಿಗಾಲವೆಂಬುದಿಲ್ಲ. ವರ್ಷವನ್ನು ಗಾಳಿ ಮಳೆಗಳೇ ಭಾಗಿಸುತ್ತವೆ. ಮಾರ್ಚಿಯಿಂದ ಮೇವರೆಗೆ ‘ಮಸಿಕಾ’ ಎಂಬ ದೊಡ್ಡ ಮಳೆ, ನವೆಂಬರ್ ಡಿಸೆಂಬರ್‌ಗಳಲ್ಲಿ ‘ವುಲಿ’ ಎಂಬ ಸಣ್ಣ ಮಳೆ. ಡಿಸೆಂಬರಿನಿಂದ ಮಾರ್ಚಿಯವರೆಗೆ ಈಶಾನ್ಯದಿಂದ ಬೀಸುವ ಗಾಳಿಗೆ ‘ಕಸ್ಕಾಜಿ’ ಎಂದೂ, ಮಸಿಕಾದ ಅನಂತರ ದಕ್ಷಿಣದ ಕಡೆಯಿಂದ ಬೀಸುವ ಗಾಳಿಗೆ ‘ಕುಸಿ’ ಎಂದೂ ಹೆಸರು. ಕಚ್ಛದ ಮಾಂಡವಿಯಿಂದ, ಅರೇಬಿಯಾದಿಂದ ಹಾಯಿಹಡಗುಗಳು ಶತಮಾನಗಳ ಕಾಲ ಕಸ್ಕಾಜಿಯನ್ನು ನಂಬಿ ಅಲ್ಲಿಗೆ ಹೋಗಿ, ಕುಸಿಯನ್ನು ನಂಬಿ ಮರಳುತ್ತಿದ್ದವು.

ಇದನ್ನು ಓದುತ್ತಿದ್ದಾಗ ನನಗೊಂದು ಸಂಗತಿ ಹೊಳೆಯಿತು. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಹುಟ್ಟಿ, ಪೂರ್ವ ಆಫ್ರಿಕಾದ ಕರಾವಳಿಯ ಪಕ್ಕದಲ್ಲೇ ಸಮಭಾಜಕ ವೃತ್ತವನ್ನು ದಾಟಿ, ಬಲಕ್ಕೆ ಹೊರಳಿ, ಅರಬ್ಬೀ ಸಮುದ್ರದ ನೀರನ್ನೆಲ್ಲ ಹೀರಿಕೊಂಡು ನಮ್ಮ ಸಹ್ಯಾದ್ರಿಗೆ ಬಡಿಯುವ ನೈಋತ್ಯ ಮಾರುತವೂ, ಜೂನ್ ತಿಂಗಳಲ್ಲಿ ಆ ದ್ವೀಪದ ತೆಂಗಿನ ಗರಿಗಳನ್ನು ಅಲುಗಿಸುವ ಕುಸಿಯೂ ಒಂದೇ ಪ್ರವಾಹಕ್ಕೆ ಸೇರಿದವು. ಮಾನ್ಸೂನಿನ ಪಾಠವನ್ನೂ ಜಾಂಜಿಬಾರದ ಪಾಠವನ್ನೂ ನಾನು ಪ್ರತಿವರ್ಷ ಮಾಡಿದ್ದೇನೆ. ಒಂದನ್ನು ಇನ್ನೊಂದಕ್ಕೆ ಜೋಡಿಸಿ ಒಮ್ಮೆಯೂ ಹೇಳಿಲ್ಲ. ಎರಡೂ ಬೇರೆ ಬೇರೆ ಅಧ್ಯಾಯಗಳಲ್ಲಿದ್ದವು ಎಂಬುದೊಂದೇ ಕಾರಣ. ಹಳೆಯ ನಾವಿಕರಂತೆ ಕಸ್ಕಾಜಿಯ ಕಾಲದಲ್ಲೇ, ಅಂದರೆ ಜನವರಿಯಲ್ಲಿ ಹೋಗೋಣವೆಂದು ಸಂಭ್ರಮದಿಂದ ಸಾರಿದೆ. “ನಾವು ಹೋಗುವುದು ವಿಮಾನದಲ್ಲಿ ಅಲ್ಲವೇ?” ಎಂದಳು ನನ್ನಾಕೆ.

ಪ್ರಯಾಣದ ಕಾಗದಪತ್ರಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ದ್ವೀಪವು ಟಾಂಜಾನಿಯಾಕ್ಕೆ ಸೇರಿದ್ದರಿಂದ ಆ ದೇಶದ ವೀಸಾ ಬೇಕು. ಅದರ ಮೇಲೆ, 2024ರ ಅಕ್ಟೋಬರಿನಿಂದ ಜಾಂಜಿಬಾರದ ಸರಕಾರವೇ ಪ್ರವಾಸಿಗಳಿಗೆ ತನ್ನದೊಂದು ವಿಮೆಯನ್ನು ಕಡ್ಡಾಯ ಮಾಡಿದೆ. ತಲೆಗೆ 44 ಡಾಲರು. ತೊಡಕಾದದ್ದು ಪೀತಜ್ವರದ ಲಸಿಕೆ. ನೈರೋಬಿ, ಆಡಿಸ್ ಅಬಾಬಾಗಳ ಮಾರ್ಗವಾಗಿ ಬಂದುಹೋಗುವುದಾದರೆ ಆ ಪ್ರಮಾಣಪತ್ರದ ಪ್ರಶ್ನೆ ಏಳುತ್ತದೆ. 60 ದಾಟಿದವರಿಗೆ ಆ ಲಸಿಕೆ ಕೊಡಲು ವೈದ್ಯರು ಹಿಂದುಮುಂದು ನೋಡುತ್ತಾರೆ. ಆದ್ದರಿಂದ ಕೊಲ್ಲಿ ದೇಶಗಳ ಮಾರ್ಗವನ್ನು ಆರಿಸಿಕೊಂಡಿದ್ದೇವೆ. ಅಂತಿಮ ಮಾತನ್ನು ಲಸಿಕಾ ಕೇಂದ್ರದ ವೈದ್ಯರೇ ಹೇಳಬೇಕೆಂದು, ನಮ್ಮಿಬ್ಬರ ರಕ್ತದೊತ್ತಡ, ಸಕ್ಕರೆಗಳ ಕಡತವನ್ನು ಹಿಡಿದು ಹೋಗಬೇಕಾಗಿದೆ. ಮಲೇರಿಯಾದ ಮಾತ್ರೆಯೂ ಉಂಟು. ಲವಂಗ ನೋಡಲು ಹೋಗುವವನು ಇಷ್ಟೊಂದು ಔಷಧ ಹೊರಬೇಕೆಂದು ಪಠ್ಯಪುಸ್ತಕದಲ್ಲಿ ಬರೆದಿರಲಿಲ್ಲ.

ಊಟದ ಚಿಂತೆ ನನ್ನಾಕೆಯದು. ಮೀನು ಮಾಂಸ ಮುಟ್ಟದ ನಾವು ಅಲ್ಲಿ ಏನು ತಿನ್ನುವುದು? ವಿಚಾರಿಸುತ್ತ ಹೋದಂತೆ ಅವಳ ಮುಖ ಅರಳಿತು. ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ, ತೆಂಗಿನ ಹಾಲಿನಲ್ಲಿ ಕುದಿಸಿದ ಅವರೆಯಂಥ ಕಾಳು, ನಮ್ಮ ಹರಿವೆಯನ್ನೇ ಹೋಲುವ ‘ಮ್ಚಿಚಾ’ ಎಂಬ ಸೊಪ್ಪು, ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಸಂಜೆಯ ಹೊತ್ತು ಸಮುದ್ರ ದಂಡೆಯ ಫೊರೊಧಾನಿ ಉದ್ಯಾನದಲ್ಲಿ ತಿಂಡಿಯ ಅಂಗಡಿಗಳು. ‘ಉರೋಜೋ’ ಎಂಬ ಹುಳಿ ಸಾರಿನಲ್ಲಿ ಬಜಿಯನ್ನು ಮುಳುಗಿಸಿ ಕೊಡುತ್ತಾರಂತೆ. ಗುಜರಾತಿಗಳ ಕೈಗುಣ ಅದರಲ್ಲಿ ಎದ್ದು ಕಾಣುತ್ತದೆ. ಎಲ್ಲಕ್ಕಿಂತ ಅವಳಿಗೆ ಹಿಡಿಸಿದ್ದು ಒಂದು ಚಿತ್ರ. ಹೆಂಗಸೊಬ್ಬಳು ಕುಳ್ಳಗಿನ ಮಣೆಯ ಮೇಲೆ ಕುಳಿತು ಅದರ ತುದಿಯ ಕಬ್ಬಿಣದ ಹಲ್ಲಿಗೆ ತೆಂಗಿನ ಹೋಳನ್ನು ಒತ್ತಿ ತುರಿಯುತ್ತಿದ್ದಾಳೆ. ನಮ್ಮ ತುರಿಮಣೆಯೇ! ಸ್ವಾಹಿಲಿಯಲ್ಲಿ ಅದಕ್ಕೆ ‘ಎಂಬುಜಿ’, ಅಂದರೆ ಮೇಕೆ ಎಂದು ಹೆಸರು. “ಹಾಗಾದರೆ ಉಪವಾಸ ಬೀಳುವುದಿಲ್ಲ” ಎಂದು ಆಕೆ ಒಪ್ಪಿಗೆಯ ಮುದ್ರೆ ಒತ್ತಿದಳು.

ನಾನಂತೂ ಭಾಷೆಯ ಬೆನ್ನು ಹತ್ತಿದೆ. ಹೊಸ ಊರಿಗೆ ವರ್ಗವಾದಾಗಲೆಲ್ಲ ಅಲ್ಲಿಯ ಮಾತಿನ ಧಾಟಿಯನ್ನು ಮೊದಲು ಕಲಿಯುವುದು ನನ್ನ ಅಭ್ಯಾಸ. ಸ್ವಾಹಿಲಿಯ ಶಿಷ್ಟರೂಪಕ್ಕೆ ಜಾಂಜಿಬಾರದ ಮುಖ್ಯ ದ್ವೀಪವಾದ ಉಂಗುಜಾದ ಆಡುಮಾತೇ ತಳಹದಿಯಾದ್ದರಿಂದ, ಆ ಭಾಷೆಯನ್ನು ಕಿವಿಯಾರೆ ಕೇಳಲು ಅದಕ್ಕಿಂತ ಒಳ್ಳೆಯ ಸ್ಥಳವಿಲ್ಲ. ವ್ಯಾಕರಣ ಬಂಟು ಕುಲದ್ದು. ಶಬ್ದಭಂಡಾರಕ್ಕೆ ಅರಬ್ಬಿಯ ದೊಡ್ಡ ಕಾಣಿಕೆಯಿದೆ. ನಮ್ಮ ಕಡೆಯ ಶಬ್ದಗಳೂ ಹಡಗು ಹತ್ತಿ ಹೋಗಿ ಅಲ್ಲಿ ನೆಲೆಸಿವೆ. ವಾಹನಕ್ಕೆ ‘ಗಾರಿ’, ಹಣಕ್ಕೆ ‘ಪೇಸಾ’, ಲಕ್ಷಕ್ಕೆ ‘ಲಾಕಿ’, ವಿಮೆಗೆ ‘ಬಿಮಾ’, ಉಪ್ಪಿನಕಾಯಿಗೆ ‘ಅಚಾರಿ’. ಚಪಾತಿಗೆ ಚಪಾತಿಯೇ. ಅವರ ಗಂಟೆ ಸೂರ್ಯೋದಯದಿಂದ ಆರಂಭವಾಗುತ್ತದೆ: ನಮ್ಮ ಬೆಳಗಿನ ಏಳು ಅವರಿಗೆ ‘ಸಾ ಮೋಜಾ’, ಒಂದು ಗಂಟೆ. ಸೂರ್ಯೋದಯದಿಂದ ಗಳಿಗೆ ಎಣಿಸುವ ಪಂಚಾಂಗದ ಮನೆಯಲ್ಲಿ ಬೆಳೆದ ನನಗೆ ಇದು ವಿಚಿತ್ರವೆನಿಸಲಿಲ್ಲ.

ಹಿರಿಯರನ್ನು ಕಂಡಾಗ ಕಿರಿಯರು ‘ಶಿಕಾಮೂ’ ಎನ್ನಬೇಕು. ನಿಮ್ಮ ಪಾದ ಹಿಡಿಯುತ್ತೇನೆ ಎಂದು ಅದರ ಮೂಲಾರ್ಥವನ್ನು ಹೇಳುತ್ತಾರೆ. ಹಿರಿಯರು ‘ಮರಹಬಾ’ ಎಂದು ಸ್ವೀಕರಿಸಬೇಕು. ಶಿಕ್ಷಕನಿಗೆ ‘ಮ್ವಾಲಿಮು’ ಎಂಬ ಗೌರವದ ಹೆಸರು. ಟಾಂಜಾನಿಯಾದ ಮೊದಲ ರಾಷ್ಟ್ರಾಧ್ಯಕ್ಷ ಜೂಲಿಯಸ್ ನೈರೇರೆ ಮೊದಲು ಶಾಲಾಶಿಕ್ಷಕರಾಗಿದ್ದವರು. ಶೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’, ‘ವೆನಿಸಿನ ವ್ಯಾಪಾರಿ’ ನಾಟಕಗಳನ್ನು ಸ್ವಾಹಿಲಿಗೆ ತಂದವರು. ರಾಷ್ಟ್ರಾಧ್ಯಕ್ಷರಾದ ಮೇಲೂ ಜನ ಅವರನ್ನು ಮ್ವಾಲಿಮು ಎಂದೇ ಕರೆದರು. ಇದನ್ನು ಓದಿದ ದಿನ ನಾನು ಸ್ವಲ್ಪ ಬೀಗಿದೆನೆಂಬುದನ್ನು ಮುಚ್ಚಿಡಲಾರೆ.

ಎಂಟು ದಿನಗಳ ಪ್ರವಾಸ. ಸ್ಟೋನ್ ಟೌನ್ ಎಂಬ ಹಳೆಯ ನಗರದಲ್ಲಿ ಐದು ದಿನ. ಹವಳದ ಕಲ್ಲಿನಿಂದ ಕಟ್ಟಿದ ಈ ನಗರವು 2000ದಲ್ಲಿ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ಅಲ್ಲಿಯ ಓಣಿಗಳಲ್ಲಿ ಕಾರು ನುಗ್ಗಲಾರದು. ನನ್ನಾಕೆಯ ಮಂಡಿನೋವಿಗೆ ಅನುಕೂಲವಾಗಲೆಂದು ಅಂಚಿನಲ್ಲೇ ವಸತಿ ಹುಡುಕಿದ್ದೇವೆ. ಹಿತ್ತಾಳೆಯ ಮೊಳೆಗಳನ್ನು ಬಡಿದ ಕೆತ್ತನೆಯ ಬಾಗಿಲುಗಳನ್ನು ನೋಡಬೇಕು. 1883ರಲ್ಲಿ ಸುಲ್ತಾನ ಬರ್ಘಾಶ್ ಕಟ್ಟಿಸಿದ ‘ಅಚ್ಚರಿಗಳ ಮನೆ’ಯ ಒಂದು ಭಾಗ 2020ರ ಡಿಸೆಂಬರಿನಲ್ಲಿ ಕುಸಿದುಬಿತ್ತು, ಹೊರಗಿನಿಂದಲಾದರೂ ಅದನ್ನು ಕಾಣಬೇಕು. ತಾರಬ್ ಎಂಬ ಸಂಗೀತವನ್ನು ಒಂದು ಸಂಜೆ ಕೇಳಬೇಕು. ಆ ಸಂಗೀತದ ಮಹಾಗಾಯಕಿ ಸಿತಿ ಬಿಂತಿ ಸಾದ್ 1928ರಲ್ಲಿ ತನ್ನ ಹಾಡುಗಳ ಧ್ವನಿಮುದ್ರಣಕ್ಕಾಗಿ ಬಂದದ್ದು ನಮ್ಮ ಮುಂಬಯಿಗೆ. ಮದ್ರಾಸಿನ ಐ.ಐ.ಟಿ. 2023ರಲ್ಲಿ ಅಲ್ಲಿ ತನ್ನ ಶಾಖೆಯನ್ನು ತೆರೆದಿದೆ. ಅದರ ಮುಂದೆ ನಿಂತು ಒಂದು ಭಾವಚಿತ್ರ ತೆಗೆಸಿಕೊಳ್ಳಬೇಕೆಂಬುದು ಅಳಿಯಂದಿರ ಅಪ್ಪಣೆ. ಪೂರ್ವ ಆಫ್ರಿಕಾಕ್ಕೂ ಹೋಗುತ್ತಿದ್ದ ಮಂಗಳೂರು ಹೆಂಚು ಅಲ್ಲೆಲ್ಲಾದರೂ ಕಂಡೀತೇ ಎಂದು ಮಾಡುಗಳತ್ತ ಕಣ್ಣಿಡುವುದು ನನ್ನ ಸ್ವಂತ ಕಾರ್ಯಕ್ರಮ. ಉಳಿದ ದಿನಗಳಲ್ಲಿ ಒಂದು ಸಂಬಾರ ತೋಟ, ಪೂರ್ವ ಕರಾವಳಿಯ ಪಾಜೆಯಲ್ಲಿ ಎರಡು ರಾತ್ರಿ. ಅಲ್ಲಿ ಇಳಿತದ ಹೊತ್ತು ಸಮುದ್ರ ಬಹುದೂರ ಹಿಂದೆ ಸರಿಯುತ್ತದೆ. ಆಗ ಹೆಂಗಸರು ನೀರಿಗಿಳಿದು ಕಡಲಪಾಚಿಯ ಬೇಸಾಯ ಮಾಡುತ್ತಾರೆ.

ಮಗಳೊಡನೆ ಮನಸ್ತಾಪವಾದದ್ದು ಮೊದಲ ದಿನದ ವಿಷಯದಲ್ಲಿ. ಆ ದಿನ ಬೆಳಿಗ್ಗೆ ಗುಲಾಮರ ಮಾರುಕಟ್ಟೆಯಿದ್ದ ಸ್ಥಳಕ್ಕೆ ಹೋಗಬೇಕೆಂದು ನಾನು ಬರೆದಿದ್ದೆ. “ಸಂತೋಷಕ್ಕೆಂದು ಹೋಗುವ ರಜೆಯಲ್ಲಿ ಅದೇಕೆ ಅಪ್ಪಾ? ಬೇಕಾದರೆ ಕೊನೆಯ ದಿನ ನೋಡಿ” ಎಂದಳು. ಅವಳಿಗೆ ಆಗ ನಾನು ಕಾರಣ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

ಲವಂಗದ ಬಗ್ಗೆ ನಾನು ಮಾಡುತ್ತಿದ್ದ ಪಾಠ ಮರದಿಂದ ಆರಂಭವಾಗಿ ಮರದಲ್ಲೇ ಮುಗಿಯುತ್ತಿತ್ತು. ಲವಂಗವೆಂದರೆ ಅರಳುವ ಮೊದಲೇ ಕೊಯ್ದು ಒಣಗಿಸಿದ ಹೂಮೊಗ್ಗು, ಬಿಸಿಲು ಮಳೆ ಎರಡೂ ಬೇಕು, ಇತ್ಯಾದಿ. ಈಗ ಓದಿದಾಗ ತಿಳಿದದ್ದು ಬೇರೆ. ಮೊಲುಕ್ಕಾ ದ್ವೀಪಗಳ ಆ ಸಸಿಯನ್ನು ಫ್ರೆಂಚರು ಮಾರಿಷಸ್ ಕಡೆಗೆ ಸಾಗಿಸಿ, ಅಲ್ಲಿಂದ ಅದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜಾಂಜಿಬಾರಕ್ಕೆ ಬಂದಿತು. ಓಮಾನಿನ ಸುಲ್ತಾನ ಸಯ್ಯದ್ ಸಯೀದ್ 1840ರ ಹೊತ್ತಿಗೆ ತನ್ನ ರಾಜಧಾನಿಯನ್ನೇ ಆ ದ್ವೀಪಕ್ಕೆ ಬದಲಾಯಿಸಿ, ಎಲ್ಲೆಲ್ಲೂ ಲವಂಗ ನೆಡಿಸಿದ. ಮೊಗ್ಗನ್ನು ಒಂದೊಂದಾಗಿ ಗೊಂಚಲಿನಿಂದ ಬಿಡಿಸಲು ಸಾವಿರಾರು ಕೈಗಳು ಬೇಕು. ಆ ಕೈಗಳನ್ನು ಆಫ್ರಿಕಾದ ಒಳನಾಡಿನಿಂದ ಸಂಕೋಲೆ ಹಾಕಿ ತಂದರು. ಬ್ರಿಟಿಷರ ಒತ್ತಡದಿಂದ ಮಾರುಕಟ್ಟೆ ಮುಚ್ಚಿದ್ದು 1873ರಲ್ಲಿ. ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿದ್ದು 1897ರಲ್ಲಿ. ನಮ್ಮವರು ಬರಿಯ ಪ್ರೇಕ್ಷಕರಾಗಿರಲಿಲ್ಲ. ಕಚ್ಛದ ಜೈರಾಮ ಶಿವಜಿಯ ಮನೆತನ ದ್ವೀಪದ ಸುಂಕದ ಗುತ್ತಿಗೆ ಹಿಡಿದಿತ್ತು. ತೋಟಗಾರರಿಗೆ ಸಾಲ ಕೊಟ್ಟವರು ಭಾರತೀಯ ವರ್ತಕರು. ಹಲವರ ಮನೆಗಳಲ್ಲಿ ಗುಲಾಮರಿದ್ದರು. 1860ರಲ್ಲಿ ಬ್ರಿಟಿಷ್ ಅಧಿಕಾರಿ ರಿಗ್ಬಿ ಭಾರತೀಯರ ಒಡೆತನದಲ್ಲಿದ್ದ ಸಾವಿರಾರು ಮಂದಿಯನ್ನು ಬಿಡುಗಡೆ ಮಾಡಿಸಬೇಕಾಯಿತು. 1964ರ ಜನವರಿಯ ಕ್ರಾಂತಿಯಲ್ಲಿ ಅರಬರೂ ಭಾರತೀಯರೂ ಹತರಾದರು, ಉಳಿದವರಲ್ಲಿ ಅನೇಕರು ಓಡಿಹೋದರು ಎಂದು ಓದುವಾಗ, ಅದರ ಹಿಂದಿನ ಪುಟಗಳನ್ನೂ ಓದಬೇಕಾಗುತ್ತದೆ. ಆ ಕ್ರಾಂತಿಯ ಅನಂತರ ದ್ವೀಪ ಬಿಟ್ಟು ಹೋದ ಅಬ್ದುಲ್‌ರಜಾಕ್ ಗುರ್ನಾ ಅವರಿಗೆ 2021ರಲ್ಲಿ ನೊಬೆಲ್ ಬಂದಿತು. ತಂದೆಯ ಸಾಲಕ್ಕೆ ಒತ್ತೆಯಾಗಿ ವರ್ತಕನ ಮನೆ ಸೇರುವ ಹುಡುಗನ ಕಥೆಯಾದ ಅವರ ‘ಪ್ಯಾರಡೈಸ್’ ಕಾದಂಬರಿಯನ್ನು ನಿಘಂಟು ಇಟ್ಟುಕೊಂಡು ದಿನಕ್ಕೆ ಹತ್ತು ಪುಟದಂತೆ ಓದುತ್ತಿದ್ದೇನೆ.

ಲವಂಗದ ಬೆಳೆಯಲ್ಲಿ ಈಗ ಇಂಡೋನೇಷಿಯಾ ಮುಂದಿದೆ. ಜಾಂಜಿಬಾರದಲ್ಲೂ ಹೆಚ್ಚಿನ ಲವಂಗ ಬೆಳೆಯುವುದು ಉಂಗುಜಾದಲ್ಲಲ್ಲ, ಪಕ್ಕದ ಪೆಂಬಾ ದ್ವೀಪದಲ್ಲಿ. 1872ರ ಚಂಡಮಾರುತ ಉಂಗುಜಾದ ಮರಗಳನ್ನು ನೆಲಕ್ಕುರುಳಿಸಿತ್ತು. ಒಂದು ಅಂಕದ ಆ ಉತ್ತರದಲ್ಲಿ ಇದಾವುದೂ ಇರಲಿಲ್ಲ. ಆದರೆ ನನ್ನನ್ನು ಚುಚ್ಚುತ್ತಿರುವುದು ಈ ಲೋಪಗಳಲ್ಲ.

1987ರ ಮಳೆಗಾಲ. ಆಗ ನಾನು ಯಲ್ಲಾಪುರ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಒಂಬತ್ತನೆಯ ತರಗತಿಯಲ್ಲಿ ಸಿದ್ದಿ ಸಮುದಾಯದ ಹುಡುಗನೊಬ್ಬನಿದ್ದ. ಉತ್ತರ ಕನ್ನಡದ ಹೊರಗಿನವರಿಗಾಗಿ ಹೇಳುತ್ತೇನೆ: ಸಿದ್ದಿಗಳ ಪೂರ್ವಜರು ಪೂರ್ವ ಆಫ್ರಿಕಾದಿಂದ ಅರಬರ, ಪೋರ್ಚುಗೀಸರ ಹಡಗುಗಳಲ್ಲಿ ಬಂದವರು, ಗೋವೆಯಿಂದ ತಪ್ಪಿಸಿಕೊಂಡು ನಮ್ಮ ಕಾಡುಗಳಲ್ಲಿ ನೆಲೆಸಿದವರು ಬಹಳ. ಅಂದು ಆಫ್ರಿಕಾದ ಪಾಠ. ಜಾಂಜಿಬಾರ್, ಲವಂಗ ಎಂದೆಲ್ಲ ಹೇಳಿ, ಹಿಂದೆ ಅಲ್ಲಿ ಗುಲಾಮರ ವ್ಯಾಪಾರವೂ ನಡೆಯುತ್ತಿತ್ತು ಎಂದು ಒಂದು ಮಾತು ಸೇರಿಸಿದೆ. ಹಿಂದಿನ ಬೆಂಚಿನಿಂದ ಒಂದು ದನಿ, “ನೋಡೋ, ನಿಮ್ಮೂರು ಬಂತು” ಎಂದಿತು. ತರಗತಿಯೆಲ್ಲ ನಕ್ಕಿತು. ಆ ಹುಡುಗ ಎದ್ದು ನಿಂತ. ನಗುವವರ ಕಡೆ ನೋಡಲೇ ಇಲ್ಲ. “ಹೌದೇ ಸರ್? ನಮ್ಮವರು ಬಂದದ್ದು ಅಲ್ಲಿಂದಲೇ?” ಎಂದು ನನ್ನನ್ನು ಕೇಳಿದ. ಪ್ರಾಮಾಣಿಕವಾದ, ತಿಳಿಯಬೇಕೆಂಬ ಪ್ರಶ್ನೆ. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆನ್ನಲು ನಾಚಿಕೆಯಾಯಿತು. “ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ” ಎಂದೆ.

ಇನ್ನೊಮ್ಮೆ ನಗು ಎದ್ದಿತು. ಈ ಸಲ ಅದಕ್ಕೆ ಕಾರಣ ನಾನು.

ಅದೇ ವರ್ಷಗಳಲ್ಲಿ ಇತಿಹಾಸದ ತಾಸಿನಲ್ಲಿ ಅಹಮದನಗರದ ಮಲಿಕ್ ಅಂಬರನ ಪಾಠವನ್ನೂ ಮಾಡಿದ್ದೇನೆ. ಮೊಗಲರನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದ ಆ ಸೇನಾನಿ ಇಥಿಯೋಪಿಯಾದಲ್ಲಿ ಹುಟ್ಟಿ, ಬಾಲ್ಯದಲ್ಲೇ ಗುಲಾಮನಾಗಿ ಮಾರಾಟವಾಗಿ ಬಂದವನು. ಅಷ್ಟನ್ನಾದರೂ ಆ ಹುಡುಗನ ಕಿವಿಗೆ ಬೀಳುವಂತೆ ಹೇಳಬಹುದಿತ್ತು.

ಅಂದು ನಕ್ಕವರಲ್ಲಿ ಕೆಲವರು ಇದನ್ನು ಓದುತ್ತಿರಬಹುದು. ನೀವು ಹದಿನಾಲ್ಕು ವರ್ಷದವರಾಗಿದ್ದಿರಿ, ನಾನು ಆಗಿರಲಿಲ್ಲ.

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬನಿಂದ ಅವನ ದೂರವಾಣಿ ಸಂಖ್ಯೆ ಪಡೆದು ಕರೆ ಮಾಡಿದೆ. ದನಿಯಿಂದಲೇ ಗುರುತು ಹಿಡಿದ. ಈಗ ಐವತ್ತು ದಾಟಿದೆ, ಮಗಳ ಮದುವೆಯಾಗಿದೆ, ಮಗ ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದಾನೆ. 2003ರಲ್ಲಿ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ ಮೇಲೆ ಮಕ್ಕಳ ಓದಿಗೆ ಅನುಕೂಲವಾಯಿತೆಂದ. ಪ್ರವಾಸದ ವಿಷಯ ಹೇಳಿ, ಆ ದಿನದ ಮಾತನ್ನು ತೆಗೆದೆ. ಮರೆತಿರಬಹುದೆಂದು ನನ್ನೊಳಗೆ ಒಂದು ಆಸೆಯಿತ್ತು.

“ನೆನಪಿದೆ ಸರ್. ಆಮೇಲೆ ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ನನ್ನನ್ನು ಎಲ್ಲರೂ ಜಾಂಜಿಬಾರ್ ಎಂದೇ ಕರೆದರಲ್ಲ” ಎಂದ.

ಆ ಎರಡು ವರ್ಷ ನಾನು ಅದೇ ಶಾಲೆಯಲ್ಲಿದ್ದೆ. ಆ ಅಡ್ಡಹೆಸರು ನನ್ನ ಕಿವಿಗೆ ಬಿದ್ದಿರಲೇಬೇಕು. ಬಿದ್ದ ನೆನಪು ನನಗಿಲ್ಲ.

ಕ್ಷಮೆ ಕೇಳಿದೆ. “ಇರಲಿ ಬಿಡಿ ಸರ್” ಎಂದನೇ ಹೊರತು, ಪರವಾಗಿಲ್ಲವೆನ್ನಲಿಲ್ಲ. ಅವನ ಹಿರಿಯರು ಬಂದದ್ದು ಜಾಂಜಿಬಾರದ ಮಾರುಕಟ್ಟೆಯಿಂದಲೇ ಎಂದು ಹೇಳಲಾಗದು, ಸಿದ್ದಿಗಳಲ್ಲಿ ಬಹುಮಂದಿ ಆ ಮಾರುಕಟ್ಟೆ ಬೆಳೆಯುವುದಕ್ಕೆ ಬಹಳ ಹಿಂದೆಯೇ, ಬೇರೆ ಬೇರೆ ಬಂದರುಗಳಿಂದ ಬಂದವರು ಎಂದು ಓದಿ ತಿಳಿದದ್ದನ್ನೆಲ್ಲ ವಿವರಿಸಿದೆ. 38 ವರ್ಷಗಳಷ್ಟು ತಡವಾದ ಉತ್ತರ. ಸಾವಧಾನವಾಗಿ ಕೇಳಿ, “ಅಲ್ಲಿ ನಮ್ಮ ದಮಾಮಿಯಂಥ ವಾದ್ಯ ಇದೆಯೇ, ನೋಡಿಕೊಂಡು ಬನ್ನಿ” ಎಂದ. ಸ್ವಾಹಿಲಿಯಲ್ಲಿ ‘ಎನ್‌ಗೋಮಾ’ ಎಂದರೆ ಚರ್ಮವಾದ್ಯವೂ ಹೌದು, ಕುಣಿತವೂ ಹೌದು ಎಂದೆ. “ನಮ್ಮಲ್ಲೂ ಹಾಗೆಯೇ ಅಲ್ಲವೇ, ದಮಾಮಿ ಎಂದರೆ ಎರಡೂ” ಎಂದು ನಕ್ಕ. ಈ ವಿಷಯ ಬರೆಯಬಹುದೇ ಎಂದು ಕೇಳಿದ್ದಕ್ಕೆ, ಬರೆಯಿರಿ, ಹೆಸರು ಮಾತ್ರ ಬೇಡ ಎಂದ. ಕೊನೆಗೆ ಫೋನಿಡುವ ಮೊದಲು ಇಷ್ಟು ಹೇಳಿದ: “ಅಷ್ಟು ದೂರ ಹೋಗುತ್ತೀರಿ, ಒಳ್ಳೆಯದಾಯಿತು ಸರ್. ಒಂಬತ್ತು ವರ್ಷ ಇದ್ದಿರಿ, ನಮ್ಮ ಕೇರಿಗೆ ಒಮ್ಮೆಯೂ ಬರಲಿಲ್ಲ ನೀವು. ಶಾಲೆಯಿಂದ ಆರೇ ಮೈಲಿ.”

ಮಗಳಿಗೆ ಇದನ್ನೆಲ್ಲ ತಿಳಿಸಿದ ಮೇಲೆ ಮೊದಲ ದಿನದ ಕಾರ್ಯಕ್ರಮವನ್ನು ಅವಳು ಬದಲಾಯಿಸಲಿಲ್ಲ. ಮಾರುಕಟ್ಟೆಯಿದ್ದ ಜಾಗದಲ್ಲಿ ಈಗ ಒಂದು ಇಗರ್ಜಿಯಿದೆ. ಅದರ ಅಂಗಳದ ಹೊಂಡದಲ್ಲಿ, ಕೊರಳಿಗೆ ಸರಪಳಿ ತೊಟ್ಟ ಐದು ಮೂರ್ತಿಗಳನ್ನು 1998ರಲ್ಲಿ ನಿಲ್ಲಿಸಿದ್ದಾರೆ. ಮೆಟ್ಟಿಲು ಹೆಚ್ಚಿದ್ದರೆ ಅಮ್ಮ ಮೇಲೆಯೇ ಕುಳಿತಿರಲಿ ಎಂದು ಮಗಳು ಟಿಪ್ಪಣಿಯ ಬದಿಯಲ್ಲಿ ಬರೆದಿದ್ದಾಳೆ. “ನಾನೂ ಇಳಿಯುತ್ತೇನೆ” ಎಂದಿದ್ದಾಳೆ ಅವಳ ಅಮ್ಮ.

ವಿಮಾನದ ಟಿಕೆಟ್ಟನ್ನು ಮುಂದಿನ ವಾರ ಕಾಯ್ದಿರಿಸುವುದೆಂದಾಗಿದೆ. ಅದಕ್ಕೆ ಮೊದಲು, ಈ ಭಾನುವಾರ ಬೆಳಿಗ್ಗೆ ನಾವಿಬ್ಬರೂ ಯಲ್ಲಾಪುರದ ಬಸ್ಸು ಹಿಡಿಯುತ್ತೇವೆ. ಅಲ್ಲಿಂದ ಮುಂದೆ ಕರೆದೊಯ್ಯಲು ಬಸ್ ನಿಲ್ದಾಣಕ್ಕೆ ತಾನೇ ಬರುತ್ತೇನೆಂದು ಅವನು ಹೇಳಿದ್ದಾನೆ. ಅವರ ಮನೆಯಲ್ಲಿ ಎಷ್ಟು ಜನರಿದ್ದಾರೆಂದು ನಾನು ಕೇಳಲಿಲ್ಲವೆಂದು ನನ್ನಾಕೆ ಗದರಿದಳು. ಕಾಯಿಬರ್ಫಿಯನ್ನು ಎಷ್ಟು ಕಟ್ಟಬೇಕೆಂಬುದು ಅವಳಿಗೆ ತಿಳಿಯಬೇಕಲ್ಲ. ಮತ್ತೊಮ್ಮೆ ಕರೆ ಮಾಡಬೇಕಾಗಿದೆ.